ಪೆಡಲ್ ತುಳಿದು ಪರದೇಶ: ಸೈಕಲ್ ಪ್ರವಾಸಕ್ಕೆ ದಾರಿ ಆರಿಸುವ ಬಗೆ

ವಿದೇಶದ ಸೈಕಲ್ ಪ್ರವಾಸವೆಂದರೆ ಬೆಳಿಗ್ಗೆ ಒಂದು ಊರಿನಿಂದ ಹೊರಟು, 40–50 ಕಿ.ಮೀ. ಪೆಡಲ್ ತುಳಿದು, ಸಂಜೆಗೆ ಇನ್ನೊಂದು ಊರು ಸೇರುತ್ತ ಐದಾರು ದಿನ ಸಾಗುವ ರಜೆ. ಬಸ್ಸಿನ ಕಿಟಕಿಯಲ್ಲಿ ಕ್ಷಣದಲ್ಲಿ ಮರೆಯಾಗುವ ಹೊಲ, ಹಣ್ಣಿನ ತೋಟ, ಹಳ್ಳಿಯ ಚರ್ಚು, ವಾರದ ಸಂತೆ ಇವೆಲ್ಲ ಗಂಟೆಗೆ 15 ಕಿ.ಮೀ. ವೇಗದಲ್ಲಿ ಕಣ್ಣಿಗೆ ನಿಧಾನವಾಗಿ ದಕ್ಕುತ್ತವೆ. ಬೇಕೆನಿಸಿದಲ್ಲಿ ಇಳಿದು ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ. ಕಾಲ್ನಡಿಗೆಯಲ್ಲಿ ಇಷ್ಟು ದೂರ ಸಾಗಲಾಗದು. ಕಾರಿನಲ್ಲಿ ಹೋದರೆ ನಾಡು ಇಷ್ಟು ಹತ್ತಿರ ಬಾರದು.

ಇಂಥ ಪ್ರವಾಸವನ್ನು ಆರಿಸುವಾಗ ಹೆಚ್ಚಿನವರು ಮೊದಲು ನೋಡುವುದು ಚಿತ್ರಗಳನ್ನು: ಹಿಮದ ಶಿಖರ, ದ್ರಾಕ್ಷಿ ತೋಟ, ನದಿಯಂಚಿನ ಕೋಟೆ. ಆದರೆ ಪ್ರವಾಸ ಸುಖವಾಗಿರುತ್ತದೋ ಪ್ರಯಾಸವಾಗುತ್ತದೋ ಎಂಬುದನ್ನು ತೀರ್ಮಾನಿಸುವುದು ಚಿತ್ರದಲ್ಲಿ ಕಾಣದ ನಾಲ್ಕು ಸಂಗತಿಗಳು: ದಾರಿ ಎಷ್ಟು ಏರುತ್ತದೆ, ಅದು ಡಾಂಬರಿನದೋ ಜಲ್ಲಿಯದೋ, ಅದರಲ್ಲಿ ಎಷ್ಟು ವಾಹನ ಓಡಾಡುತ್ತವೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ. ಈ ನಾಲ್ಕೂ ಸವಾರರ ಶಕ್ತಿಗೆ ಒಗ್ಗಿದರೆ ಸುತ್ತಲಿನ ನೋಟ ತಾನಾಗಿ ಒದಗುತ್ತದೆ. ಒಗ್ಗದಿದ್ದರೆ ಎಷ್ಟೇ ಚೆಲುವಾದ ನಾಡಿನಲ್ಲೂ ಸವಾರರ ಕಣ್ಣು ಮುಂದಿನ ಚಕ್ರ ಬಿಟ್ಟು ಮೇಲೇಳುವುದಿಲ್ಲ. ಹಾಗಾಗಿ ಮೊದಲು ಆರಿಸಬೇಕಾದ್ದು ದಾರಿಯ ಬಗೆಯನ್ನು, ದೇಶವನ್ನು ಆಮೇಲೆ.

ಹಳೆಯ ಸಾಗಾಟ ಬಿಟ್ಟುಹೋದ ದಾರಿಗಳು

ಜಗತ್ತಿನ ಒಳ್ಳೆಯ ಸೈಕಲ್ ದಾರಿಗಳ ಪಟ್ಟಿ ಹಿಡಿದು ನೋಡಿದರೆ ಒಂದು ಸಾಮ್ಯ ಎದ್ದು ಕಾಣುತ್ತದೆ. ಅವುಗಳಲ್ಲಿ ಬಹುಪಾಲು ಸೈಕಲ್ಲಿಗಾಗಿ ಹುಟ್ಟಿದವಲ್ಲ. ದೋಣಿ ಎಳೆಯಲು, ಉಗಿಬಂಡಿ ಓಡಿಸಲು, ನೆರೆನೀರು ತಡೆಯಲು ಹಿಂದಿನವರು ಮಾಡಿಟ್ಟ ನೆಲವೇ ಇಂದು ಸೈಕಲ್ ದಾರಿಯಾಗಿದೆ. ಸೈಕಲ್ ಸವಾರರಿಗೆ ಆಗದಂತೆ ಈ ಕೆಲಸಗಳಿಗೂ ಕಡಿದಾದ ಏರು ಆಗಿಬರುತ್ತಿರಲಿಲ್ಲ ಎಂಬುದೇ ಇದಕ್ಕೆ ಕಾರಣ.

ಮೊದಲನೆಯದು ನದಿಯ ದಂಡೆ. ಎಂಜಿನ್ ಬರುವ ಮುನ್ನ ಯುರೋಪಿನ ದೊಡ್ಡ ನದಿಗಳಲ್ಲಿ ಸರಕು ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ಕುದುರೆಗಳು ಎಳೆಯುತ್ತಿದ್ದವು. ಕುದುರೆಗಳು ನಡೆಯಲು ದಂಡೆಯುದ್ದಕ್ಕೂ ಸಮತಟ್ಟಾದ ಹಾದಿ ಬೇಕಿತ್ತು. 19ನೇ ಶತಮಾನದಲ್ಲಿ ಉಗಿ ಹಡಗು ಬಂದ ಮೇಲೆ ಕುದುರೆಗಳು ಹೋದವು, ಹಾದಿ ಉಳಿಯಿತು. ನದಿಯ ಜೊತೆ ಸಾಗುವ ದಾರಿಗೆ ಇನ್ನೂ ಎರಡು ಗುಣಗಳಿವೆ. ನದಿಯಂಚಿನಲ್ಲಿ ಊರುಗಳು ಒತ್ತಾಗಿ ಬೆಳೆದಿರುವುದರಿಂದ ಊಟ, ನೀರು, ವಸತಿಗೆ ದೂರ ಹುಡುಕಬೇಕಿಲ್ಲ. ರೈಲು ಮಾರ್ಗವೂ ಬಹುತೇಕ ಅದೇ ಕಣಿವೆ ಹಿಡಿದು ಹೋಗಿರುವುದರಿಂದ ದಣಿದವರು ಮುಂದಿನ ನಿಲ್ದಾಣದಲ್ಲಿ ರೈಲು ಹತ್ತಬಹುದು.

ಎರಡನೆಯದು ಹಳಿ ಕಿತ್ತ ರೈಲು ದಾರಿ. ನೂರು ಮೀಟರಿಗೆ ಎರಡು ಮೀಟರಿಗಿಂತ ಹೆಚ್ಚು ಏರುವುದು ಉಗಿಬಂಡಿಗೆ ಪ್ರಯಾಸದ ಕೆಲಸ. ಆದ್ದರಿಂದ ಎಂಜಿನಿಯರುಗಳು ಗುಡ್ಡ ಕೊರೆದು, ಕಣಿವೆಗೆ ಸೇತುವೆ ಕಟ್ಟಿ ದಾರಿಯನ್ನು ಮಟ್ಟಸ ಮಾಡಿದ್ದರು. ಆ ಶ್ರಮದ ಫಲ ಇಂದು ಸೈಕಲ್ಲಿಗೆ ಸಿಗುತ್ತಿದೆ. ಮೂರನೆಯದು ನೀರು ತಡೆಯುವ ಒಡ್ಡು. ಮಂಡ್ಯ ಸೀಮೆಯಲ್ಲಿ ನಾಲೆಯ ಏರಿಯ ಮೇಲೆ ಸೈಕಲ್ ಹೊಡೆದವರಿಗೆ ಇದರ ಸೊಗಸು ಗೊತ್ತು: ನೆಲ ಮಟ್ಟಸ, ನೋಟ ಎರಡೂ ಕಡೆ ತೆರವು, ಪಕ್ಕದಲ್ಲಿ ನೀರು.

ಪ್ರವಾಸದ ಕೈಪಿಡಿಯಲ್ಲಿ ‘ನದಿ ದಂಡೆ’, ‘ಹಳೆಯ ರೈಲು ದಾರಿ’, ‘ಒಡ್ಡು’, ‘ಕಾಲುವೆ’ ಎಂಬ ಮಾತು ಕಂಡರೆ ಮೊದಲ ಸಲ ಹೊರಟವರು ಧೈರ್ಯ ಮಾಡಬಹುದು. ‘ಕಣಿವೆಯಿಂದ ಕಣಿವೆಗೆ’, ‘ಘಟ್ಟ ದಾಟಿ’, ‘ಬೆಟ್ಟದೂರುಗಳ ನಡುವೆ’ ಎಂದಿದ್ದರೆ ದಿನದ ಏರು ಎಷ್ಟು ಮೀಟರ್ ಎಂದು ಕೇಳಿಯೇ ಮುಂದುವರಿಯಬೇಕು. ಇಟಲಿಯ ಟಸ್ಕನಿಯ ಚಿತ್ರಗಳಲ್ಲಿ ಕಾಣುವ ದಿಬ್ಬದ ಮೇಲಿನ ಊರುಗಳು ಎಷ್ಟು ಚೆಂದವೋ, ಪ್ರತಿ ಸಂಜೆ ಊರು ಸೇರಲು ಆ ದಿಬ್ಬ ಹತ್ತುವುದು ಅಷ್ಟೇ ಕಷ್ಟ.

ಡ್ಯಾನ್ಯೂಬ್: ಮೊದಲ ಪ್ರವಾಸಕ್ಕೆ ಮಾದರಿ

ಒಂದೇ ದಾರಿಯನ್ನು ಮಾದರಿಯಾಗಿ ತೆಗೆದುಕೊಳ್ಳುವುದಾದರೆ ಜರ್ಮನಿಯ ಪಾಸಾವಿನಿಂದ ಆಸ್ಟ್ರಿಯದ ವಿಯೆನ್ನಾವರೆಗಿನ ಡ್ಯಾನ್ಯೂಬ್ ದಂಡೆಯ ದಾರಿಯನ್ನು ತೆಗೆದುಕೊಳ್ಳಬೇಕು. ಉದ್ದ ಸುಮಾರು 320 ಕಿ.ಮೀ. ಅಟ್ಲಾಂಟಿಕ್ ಕಡಲಿನಿಂದ ಕಪ್ಪು ಸಮುದ್ರದವರೆಗೆ ಸಾಗುವ ‘ಯೂರೋವೆಲೊ 6’ ಮಾರ್ಗದಲ್ಲಿ ಅತಿ ಹೆಚ್ಚು ಜನಪ್ರಿಯವಾದ ತುಂಡುಗಳಲ್ಲಿ ಇದೂ ಒಂದು. ಪಾಸಾವು ಸಮುದ್ರ ಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ, ವಿಯೆನ್ನಾ ಸುಮಾರು 160 ಮೀಟರ್. ಅಂದರೆ ದಾರಿ ಕಿಲೊಮೀಟರಿಗೆ ಅರ್ಧ ಮೀಟರಿಗಿಂತ ಕಡಿಮೆ ಇಳಿಯುತ್ತದೆ. ಈ ಇಳಿಜಾರು ಕಾಲಿಗೆ ಗೊತ್ತಾಗುವಷ್ಟಿಲ್ಲ. ಆದರೆ ಏರು ಇಲ್ಲವೆಂಬುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಗಾಳಿಯೂ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಪೂರ್ವಕ್ಕೆ ಸಾಗುವವರ ಬೆನ್ನಿಗೆ ಒತ್ತಾಸೆ. ಬಹುಪಾಲು ದಾರಿ ಡಾಂಬರಿನದು. ಅನೇಕ ಕಡೆ ನದಿಯ ಎರಡೂ ದಂಡೆಗಳಲ್ಲಿ ಸೈಕಲ್ ಹಾದಿಯಿದೆ. ಆಸ್ಟ್ರಿಯದಲ್ಲಿ ‘ಆರ್ 1’ ಎಂಬ ಗುರುತಿನ ಫಲಕಗಳನ್ನು ನೋಡುತ್ತ ಹೋದರೆ ದಾರಿ ತಪ್ಪುವುದು ಅಪರೂಪ.

ಪಾಸಾವಿನಲ್ಲಿ ಡ್ಯಾನ್ಯೂಬ್, ಇನ್, ಇಲ್ಜ್ ಎಂಬ ಮೂರು ನದಿಗಳು ಕೂಡುತ್ತವೆ. ಅಲ್ಲಿಂದ ಮುಂದೆ ನದಿ ಕಾಡು ತುಂಬಿದ ಇಕ್ಕಟ್ಟು ಕಣಿವೆಯಲ್ಲಿ ಹರಿಯುತ್ತದೆ. ಶ್ಲೋಗೆನ್ ಎಂಬಲ್ಲಿ ಗಟ್ಟಿ ಕಲ್ಲಿಗೆ ಎದುರಾಗಿ ಹೆಚ್ಚುಕಡಿಮೆ ಬಂದ ದಿಕ್ಕಿಗೇ ತಿರುಗಿ, ಮತ್ತೆ ಬಾಗಿ ಮುಂದೆ ಸಾಗುತ್ತದೆ. ಆ ತಿರುವಿನಲ್ಲಿ ಒಂದು ದಂಡೆಯಿಂದ ಇನ್ನೊಂದಕ್ಕೆ ಸೈಕಲ್ ಸಮೇತ ದಾಟಿಸುವ ಸಣ್ಣ ದೋಣಿಗಳಿವೆ. ಮುಂದೆ ಕಣಿವೆ ಅಗಲವಾಗಿ ಬಯಲಾಗುತ್ತದೆ, ಲಿಂಜ್ ನಗರ ಬರುತ್ತದೆ.

ಲಿಂಜ್ ದಾಟಿದ ಮೇಲೆ ಸಿಗುವ ಮೌಥೌಸೆನ್‌ನಲ್ಲಿ ದಾರಿ ಬಿಟ್ಟು ದಿಬ್ಬ ಹತ್ತಿ ನೋಡಲೇಬೇಕಾದ ಸ್ಥಳವೊಂದಿದೆ. 1938ರಿಂದ 1945ರವರೆಗೆ ಇಲ್ಲಿದ್ದ ನಾಜಿ ಸೆರೆಶಿಬಿರ ಮತ್ತು ಅದರ ಉಪಶಿಬಿರಗಳಿಗೆ ಸುಮಾರು 1,90,000 ಜನರನ್ನು ತಳ್ಳಲಾಗಿತ್ತು. ಅವರಲ್ಲಿ ಕನಿಷ್ಠ 90,000 ಮಂದಿ ಸತ್ತರು. ಅವರನ್ನು ದುಡಿಸಿದ ಕಲ್ಲುಗಣಿ, ಕಲ್ಲು ಹೊತ್ತು ಹತ್ತಿಸಿದ ಮೆಟ್ಟಿಲುಗಳು ಇಂದು ಸ್ಮಾರಕದ ಭಾಗ. ಚೆಲುವಾದ ಕಣಿವೆಯ ಇತಿಹಾಸದಲ್ಲಿ ಇದೂ ಸೇರಿದೆ. ಇದನ್ನು ನೋಡುವುದಿದ್ದರೆ ಆ ದಿನದ ದೂರವನ್ನು ಕಡಿಮೆ ಇಟ್ಟುಕೊಳ್ಳುವುದು ಸರಿ. ಅಂಥ ಸ್ಥಳದಿಂದ ಗಡಿಯಾರ ನೋಡುತ್ತ ಓಡಿಬರಲಾಗದು.

ಗ್ರೈನ್ ಊರಿನಲ್ಲಿ 1791ರ ಪುಟ್ಟ ರಂಗಮಂದಿರ ಇನ್ನೂ ಹಳೆಯ ರೂಪದಲ್ಲೇ ಇದೆ. ಮುಂದೆ ಮೆಲ್ಕ್‌ನಲ್ಲಿ ಬಂಡೆಯ ಮೇಲೆ ಎದ್ದು ನಿಂತ ಹಳದಿ ಬಣ್ಣದ ಬೆನೆಡಿಕ್ಟೈನ್ ಮಠ ದೂರದಿಂದಲೇ ಕಾಣುತ್ತದೆ. ಮಠ 1089ರಷ್ಟು ಹಳೆಯದು. ಈಗ ಕಾಣುವ ಬರೋಕ್ ಶೈಲಿಯ ಕಟ್ಟಡವನ್ನು ಯಾಕೋಬ್ ಪ್ರಾಂಡ್‌ಟಾವರ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1702ರಿಂದ 1736ರ ನಡುವೆ ಕಟ್ಟಲಾಯಿತು.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ಮೂವತ್ತೈದು ಕಿಲೊಮೀಟರಿನಷ್ಟು ಕಣಿವೆಯೇ ವಾಖಾವ್. 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕಣಿವೆಯ ಇಳಿಜಾರುಗಳಲ್ಲಿ ಗಾರೆಯಿಲ್ಲದೆ ಕಲ್ಲು ಪೇರಿಸಿದ ಗೋಡೆಗಳು. ಆ ಗೋಡೆಗಳು ಹಿಡಿದು ನಿಲ್ಲಿಸಿದ ಮೆಟ್ಟಿಲು ಗದ್ದೆಗಳಲ್ಲಿ ದ್ರಾಕ್ಷಿ. ಕೆಳಗೆ ಏಪ್ರಿಕಾಟ್ ತೋಟಗಳು. ಏಪ್ರಿಲ್ ಹೊತ್ತಿಗೆ ಅವು ಹೂಬಿಡುತ್ತವೆ, ಜುಲೈನಲ್ಲಿ ಹಣ್ಣು ದಾರಿಬದಿಯ ಮೇಜುಗಳಿಗೆ ಬರುತ್ತದೆ. ಉತ್ತರ ದಂಡೆಯ ವಿಲ್ಲೆನ್‌ಡಾರ್ಫ್‌ನಲ್ಲಿ 1908ರಲ್ಲಿ ರೈಲು ಮಾರ್ಗಕ್ಕಾಗಿ ನೆಲ ಅಗೆಯುತ್ತಿದ್ದಾಗ 11 ಸೆಂ.ಮೀ. ಎತ್ತರದ ಕಲ್ಲಿನ ಹೆಣ್ಣು ವಿಗ್ರಹವೊಂದು ಸಿಕ್ಕಿತು. ಸುಮಾರು 30,000 ವರ್ಷ ಹಳೆಯದಾದ ಆ ‘ವಿಲ್ಲೆನ್‌ಡಾರ್ಫ್ ವೀನಸ್’ ಈಗ ವಿಯೆನ್ನಾದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಅದು ಸಿಕ್ಕ ಜಾಗವನ್ನು ದಾರಿಯಲ್ಲೂ ಮೂಲ ವಿಗ್ರಹವನ್ನು ದಾರಿಯ ಕೊನೆಯಲ್ಲೂ ನೋಡುವ ಅವಕಾಶ ಈ ಪ್ರವಾಸದಲ್ಲಿದೆ. ಡ್ಯೂರ್ನ್‌ಸ್ಟೈನ್‌ನಲ್ಲಿ ಬೆಟ್ಟದ ಮೇಲೆ ಪಾಳುಬಿದ್ದಿರುವ ಕೋಟೆಯಲ್ಲಿ ಇಂಗ್ಲೆಂಡಿನ ದೊರೆ ಒಂದನೇ ರಿಚರ್ಡ್‌ನನ್ನು 1192–93ರ ಚಳಿಗಾಲದಲ್ಲಿ ಸೆರೆಯಿಟ್ಟಿದ್ದರು. ಕ್ರೆಮ್ಸ್ ಆದಮೇಲೆ ಬಯಲು, ಟುಲ್ನ್, ಕ್ಲೋಸ್ಟರ್‌ನಾಯ್‌ಬರ್ಗ್, ಅಲ್ಲಿಂದ ವಿಯೆನ್ನಾ.

ಇಷ್ಟನ್ನು ನಾಲ್ಕು ದಿನದಲ್ಲಿ ಮುಗಿಸುವವರಿದ್ದಾರೆ. ಆದರೆ ಆರೇಳು ದಿನಕ್ಕೆ ಹಂಚಿಕೊಂಡರೆ ದಿನಕ್ಕೆ 45–55 ಕಿ.ಮೀ. ಮಾತ್ರ ಬರುತ್ತದೆ; ಮೆಲ್ಕ್‌ನ ಮಠದ ಗ್ರಂಥಾಲಯಕ್ಕೆ, ಡ್ಯೂರ್ನ್‌ಸ್ಟೈನ್ ಕೋಟೆ ಹತ್ತಲು, ಏಪ್ರಿಕಾಟ್ ತೋಟದ ಬದಿ ಅರ್ಧ ಗಂಟೆ ಸುಮ್ಮನೆ ಕೂರಲು ಸಮಯ ಉಳಿಯುತ್ತದೆ. ಮೆಲ್ಕ್ ಮತ್ತು ಕ್ರೆಮ್ಸ್ ನಡುವೆ ಬೇಸಿಗೆಯಲ್ಲಿ ಓಡಾಡುವ ಪ್ರಯಾಣಿಕರ ಹಡಗುಗಳು ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತವೆ.

ಇತರ ನಾಡುಗಳು, ಇತರ ಅಭಿರುಚಿಗಳು

ಮಟ್ಟಸ ನೆಲವೇ ಮುಖ್ಯವೆನ್ನುವವರಿಗೆ ನೆದರ್ಲೆಂಡ್ಸ್. ದೇಶದ ಕಾಲುಭಾಗದಷ್ಟು ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಒಡ್ಡುಗಳ ಮೇಲಿನ ಹಾದಿಗಳಿಂದ ಒಂದು ಬದಿ ಎತ್ತರದಲ್ಲಿ ನೀರು, ಇನ್ನೊಂದು ಬದಿ ತಗ್ಗಿನಲ್ಲಿ ಹಸು ಮೇಯುವ ಹುಲ್ಲುಗಾವಲು ಕಾಣುತ್ತವೆ. ಕಿಂಡರ್‌ಡೈಕ್‌ನಲ್ಲಿ ತಗ್ಗಿನ ನೀರೆತ್ತಲು ಕಟ್ಟಿದ 19 ಗಾಳಿಗಿರಣಿಗಳು ಸಾಲಾಗಿ ನಿಂತಿವೆ. 1997ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಲ್ಲಿ ದಾರಿ ಹುಡುಕುವ ಬಗೆಯೂ ಸುಲಭ. ಸೈಕಲ್ ಹಾದಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ಸಂಖ್ಯೆ. ಬೆಳಿಗ್ಗೆ ನಾಲ್ಕಾರು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಫಲಕದಿಂದ ಫಲಕಕ್ಕೆ ಸಾಗಬಹುದು. ಈ ಪದ್ಧತಿ ಮೊದಲು ಜಾರಿಗೆ ಬಂದದ್ದು 1995ರಲ್ಲಿ, ನೆರೆಯ ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ. ಅದನ್ನು ರೂಪಿಸಿದ ಹ್ಯೂಗೊ ಬೊಲ್ಲೆನ್ ಗಣಿ ಎಂಜಿನಿಯರ್; ನೆಲದಡಿಯ ಸುರಂಗಗಳ ಸಂಧಿಗಳಿಗೆ ಸಂಖ್ಯೆ ಕೊಡುವ ಕ್ರಮವನ್ನೇ ಆತ ನೆಲದ ಮೇಲಕ್ಕೆ ತಂದರು. ನೆದರ್ಲೆಂಡ್ಸ್‌ನ ಒಂದೇ ತೊಡಕು ಗಾಳಿ. ತಡೆಯಲು ಗುಡ್ಡವಿಲ್ಲದ ಬಯಲಿನಲ್ಲಿ ಎದುರುಗಾಳಿ ಎದ್ದರೆ ಅದೇ ಒಂದು ಬೆಟ್ಟ.

ಕಲೆ, ಅರಮನೆ, ಊಟದ ಸೊಗಸು ಬೇಕೆನ್ನುವವರಿಗೆ ಫ್ರಾನ್ಸಿನ ಲುವಾರ್ ಕಣಿವೆ. ‘ಲುವಾರ್ ಆ ವೆಲೊ’ ಎಂಬ ಸುಮಾರು 900 ಕಿ.ಮೀ. ದಾರಿಯಲ್ಲಿ ಓರ್ಲಿಯಾನ್‌ನಿಂದ ಸೋಮುರ್‌ವರೆಗಿನ ಭಾಗವನ್ನು ಆರಿಸಿಕೊಂಡರೆ ಒಂದು ವಾರಕ್ಕೆ ಸಾಕಷ್ಟಾಗುತ್ತದೆ. 1519ರಲ್ಲಿ ಕಟ್ಟಲು ಶುರುವಾದ ಶಾಂಬೋರ್ ಅರಮನೆ, ಅದೇ ವರ್ಷ ಲಿಯೊನಾರ್ಡೊ ಡಾ ವಿಂಚಿ ಕೊನೆಯುಸಿರೆಳೆದ ಅಂಬ್ವಾಜ್, ಅಚ್ಚುಕಟ್ಟಾದ ತರಕಾರಿ ಪಾತಿಗಳೇ ಉದ್ಯಾನವಾಗಿರುವ ವಿಲಾಂಡ್ರಿ ಇಲ್ಲಿ ಬರುತ್ತವೆ. ಅರಮನೆಗಳಿಗೆ ಮೆದುವಾದ ಬಿಳಿ ಸುಣ್ಣಕಲ್ಲನ್ನು ಕಡಿದು ತೆಗೆದ ಗವಿಗಳಲ್ಲಿ ಇಂದು ಅಣಬೆ ಬೆಳೆಯುತ್ತಾರೆ, ಮದ್ಯ ಮಾಗಿಸುತ್ತಾರೆ. ಆದರೆ ನದಿ ಪಶ್ಚಿಮದ ಕಡಲಿಗೆ ಹರಿಯುತ್ತದೆ, ಗಾಳಿ ಹೆಚ್ಚಾಗಿ ಕಡಲಿನಿಂದಲೇ ಬರುತ್ತದೆ. ನದಿಯ ಜೊತೆ ಸಾಗಿದರೆ ಗಾಳಿ ಎದುರು, ಗಾಳಿಯ ಜೊತೆ ಸಾಗಿದರೆ ನದಿ ಎದುರು. ನದಿಯ ಏರು ಕಾಲಿಗೆ ತಿಳಿಯದಷ್ಟು ಅಲ್ಪವಾದ್ದರಿಂದ ಗಾಳಿಯ ಮಾತು ಕೇಳುವುದೇ ಲೇಸು.

ಕಡಲು ಇಷ್ಟಪಡುವವರಿಗೆ ಜಪಾನಿನ ಶಿಮನಾಮಿ ಕೈದೊ. ಹಿರೋಶಿಮಾ ಪ್ರಾಂತ್ಯದ ಓನೊಮಿಚಿಯಿಂದ ಶಿಕೊಕು ದ್ವೀಪದ ಇಮಾಬರಿಗೆ ಆರು ದ್ವೀಪಗಳ ಮೂಲಕ ಹೋಗುವ ಈ ಸುಮಾರು 70 ಕಿ.ಮೀ. ದಾರಿಯ ಸೇತುವೆಗಳೆಲ್ಲ 1999ರ ಹೊತ್ತಿಗೆ ಪೂರ್ಣಗೊಂಡವು. ಕೊನೆಯದಾದ ಕುರುಶಿಮಾ ಸೇತುವೆ ಸಾಲಾಗಿ ನಿಂತ ಮೂರು ತೂಗುಸೇತುವೆಗಳ ಜೋಡಣೆ. ಉದ್ದ ಸುಮಾರು 4 ಕಿ.ಮೀ. ಸಮುದ್ರದಿಂದ ಬಹಳ ಎತ್ತರದಲ್ಲಿರುವ ಸೇತುವೆಗಳಿಗೆ ಸೈಕಲ್ಲಿಗೆಂದೇ ಸುರುಳಿ ಸುತ್ತುವ ಮೆಲ್ಲನೆಯ ಏರುದಾರಿ ಮಾಡಿದ್ದಾರೆ. ದ್ವೀಪಗಳ ತುಂಬ ಕಿತ್ತಳೆ, ನಿಂಬೆ ತೋಟಗಳು. ರಸ್ತೆಯಂಚಿನ ನೀಲಿ ಗೆರೆ ಹಿಡಿದು ಹೋದರೆ ಸಾಕು. ಒಂದು ತುದಿಯಲ್ಲಿ ಬಾಡಿಗೆಗೆ ಪಡೆದ ಸೈಕಲ್ಲನ್ನು ಇನ್ನೊಂದು ತುದಿಯಲ್ಲಿ ಒಪ್ಪಿಸುವ ವ್ಯವಸ್ಥೆಯೂ ಇದೆ. ಜಪಾನಿನಲ್ಲೂ ನಮ್ಮಂತೆ ಎಡಬದಿಯ ಸಂಚಾರ. ಎರಡು ದಿನದ ಸವಾರಿಯನ್ನು ದೊಡ್ಡ ಪ್ರವಾಸದ ನಡುವೆ ಸೇರಿಸಿಕೊಳ್ಳುವವರಿಗೆ ಇದು ಒಳ್ಳೆಯ ಆಯ್ಕೆ.

ಜನ ಕಡಿಮೆಯಿರುವ ವಿಶಾಲ ಬಯಲು ಬೇಕೆಂದರೆ ನ್ಯೂಜಿಲೆಂಡಿನ ಒಟಾಗೊ ಸೆಂಟ್ರಲ್ ರೈಲು ದಾರಿ. 1990ರಲ್ಲಿ ಮುಚ್ಚಿದ ಮಾರ್ಗದ ಹಳಿ ತೆಗೆದು, 2000ದಲ್ಲಿ ಕ್ಲೈಡ್‌ನಿಂದ ಮಿಡ್ಲ್‌ಮಾರ್ಚ್‌ವರೆಗೆ 152 ಕಿ.ಮೀ. ಸೈಕಲ್ ದಾರಿಯಾಗಿ ತೆರೆಯಲಾಯಿತು. ಸುರಂಗಗಳಲ್ಲಿ ಸಾಗಲು ಟಾರ್ಚು ಬೇಕು. ದಾರಿ ಜಲ್ಲಿಯದಾದ್ದರಿಂದ ಅಗಲ ಟಯರಿನ ಸೈಕಲ್ ಬೇಕು. ರೈಲಿಗಾಗಿ ಹುಟ್ಟಿ, ರೈಲು ನಿಂತ ಮೇಲೆ ಸೊರಗಿದ್ದ ಸಣ್ಣ ಊರುಗಳಿಗೆ ಸೈಕಲ್ ಸವಾರರೇ ಮತ್ತೆ ಜೀವ ತುಂಬಿದ್ದಾರೆ.

ಸ್ವಂತ ಶಕ್ತಿಯ ಅಳತೆ

ಎಷ್ಟು ದೂರ ತುಳಿಯಬಲ್ಲೆವು ಎಂಬುದಕ್ಕೆ ಒಂದು ದಿನದ ಸಾಹಸ ಅಳತೆಗೋಲಾಗದು. ಒಂದೇ ದಿನ 80 ಕಿ.ಮೀ. ಹೋಗಿಬರುವವರೂ ಮರುದಿನ ಸೀಟಿನ ಮೇಲೆ ಕೂರಲಾಗದೆ ಒದ್ದಾಡುವುದುಂಟು. ನಂಬಬಹುದಾದ ಪರೀಕ್ಷೆಯೆಂದರೆ ಶನಿವಾರ 40 ಕಿ.ಮೀ., ಭಾನುವಾರ ಮತ್ತೆ 40 ಕಿ.ಮೀ. ತುಳಿದು ನೋಡುವುದು. ಎರಡನೆಯ ದಿನವೂ ಉಲ್ಲಾಸವಿದ್ದರೆ ಡ್ಯಾನ್ಯೂಬಿನಂಥ ದಾರಿಗೆ ಅಷ್ಟು ಸಾಕು. ಹೊರಡುವ ಎರಡು ಮೂರು ತಿಂಗಳ ಮುಂಚೆಯೇ ವಾರಕ್ಕೆ ಮೂರು ಸಲ ತುಳಿಯುವ ರೂಢಿ ಬಿದ್ದರೆ ಕಾಲಿಗಿಂತ ಹೆಚ್ಚಾಗಿ ಕೂರುವ ಭಾಗ, ಅಂಗೈ, ಕತ್ತು ಹದಗೊಳ್ಳುತ್ತವೆ. ಮೊದಲ ಸಲ ಹೊರಟವರನ್ನು ಹೆಚ್ಚು ಕಾಡುವುದು ಇವೇ.

ಏರು ಇರುವ ದಾರಿಯಲ್ಲಿ ದೂರಕ್ಕಿಂತ ಎತ್ತರದ ಲೆಕ್ಕ ಮುಖ್ಯ. ದಿನದ ಒಟ್ಟು ಏರು 300 ಮೀಟರಿನೊಳಗಿದ್ದರೆ ಸುಲಭ; 600 ಮೀಟರಾದರೆ ಅಭ್ಯಾಸ ಬೇಕು; 1,000 ದಾಟಿದರೆ ಅದು ಪಳಗಿದವರ ದಾರಿ. ಬೆಂಗಳೂರಿನ ಸವಾರರಿಗೆ ನಂದಿಬೆಟ್ಟ, ಮೈಸೂರಿನವರಿಗೆ ಚಾಮುಂಡಿಬೆಟ್ಟ ಇದನ್ನು ಅಳೆಯುವ ಸಹಜ ತಾಣಗಳು. ಬೆಟ್ಟ ಒಮ್ಮೆ ಹತ್ತಿಳಿದ ಮೇಲೆ ಇನ್ನೂ ಮೂವತ್ತು ಕಿಲೊಮೀಟರ್ ತುಳಿಯುವ ಮನಸ್ಸಿದೆಯೇ ಎಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ ಉತ್ತರ ಸಿಗುತ್ತದೆ. ಗುಂಪಿನಲ್ಲಿ ಹೊರಡುವಾಗ ಎಲ್ಲರಿಗಿಂತ ನಿಧಾನ ಇರುವವರಿಗೆ ಹೊಂದುವ ದೂರವನ್ನೇ ಎಲ್ಲರಿಗೂ ಇಟ್ಟುಕೊಳ್ಳಬೇಕು. ಮುಂದೆ ಹೋದವರು ಕಾಯುತ್ತ, ಹಿಂದುಳಿದವರು ನೊಂದುಕೊಳ್ಳುತ್ತ ಕಳೆಯುವ ವಾರ ಯಾರಿಗೂ ರಜೆಯಾಗದು.

ವಿದ್ಯುತ್ ಸೈಕಲ್ ಈ ಲೆಕ್ಕವನ್ನು ಬಹಳ ಹಗುರ ಮಾಡಿದೆ. ಯುರೋಪಿನ ನಿಯಮದಂತೆ 250 ವಾಟ್‌ವರೆಗಿನ ಮೋಟಾರು ಗಂಟೆಗೆ 25 ಕಿ.ಮೀ. ವೇಗದವರೆಗೆ ಮಾತ್ರ ನೆರವಾದರೆ ಅದನ್ನು ಸಾಮಾನ್ಯ ಸೈಕಲ್ ಎಂದೇ ಪರಿಗಣಿಸುತ್ತಾರೆ. ಹಿರಿಯರು, ಮಂಡಿನೋವಿನವರು, ಜೊತೆಗಾರರಷ್ಟು ರೂಢಿಯಿಲ್ಲದವರು ಇದನ್ನು ಸಂಕೋಚವಿಲ್ಲದೆ ಆರಿಸಬಹುದು. ಆದರೆ ಅದು ತೂಕದ ವಾಹನ. ರೈಲಿಗೆ ಎತ್ತಿಡಲು, ನಿಲ್ದಾಣದ ಮೆಟ್ಟಿಲು ಹತ್ತಿಸಲು ಕಷ್ಟ. ಅದರ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ಅಲ್ಲಿಯೇ ಬಾಡಿಗೆಗೆ ಪಡೆಯಬೇಕು.

ಋತು

ನಡು ಯುರೋಪಿಗೆ ಮೇ, ಜೂನ್ ಮತ್ತು ಸೆಪ್ಟೆಂಬರ್ ಒಳ್ಳೆಯ ತಿಂಗಳುಗಳು. ಜೂನ್‌ನಲ್ಲಿ ವಿಯೆನ್ನಾದಲ್ಲಿ ಹಗಲು ಸುಮಾರು 16 ಗಂಟೆ. ಸಂಜೆ ಊರು ಸೇರಲು ಅವಸರವಿಲ್ಲ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿನ ಶಾಲೆಗಳಿಗೂ ರಜೆ. ದಾರಿ, ವಸತಿ ಎರಡೂ ತುಂಬಿರುತ್ತವೆ, ಬಿಸಿಲೂ ಗುಡುಗುಮಳೆಯೂ ಹೆಚ್ಚು. ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಸುಗ್ಗಿ. ಅಕ್ಟೋಬರ್ ಕಳೆದರೆ ನದಿ ದಾಟಿಸುವ ದೋಣಿಗಳೂ ಎಷ್ಟೋ ವಸತಿಗೃಹಗಳೂ ಬಾಗಿಲು ಹಾಕುತ್ತವೆ. ನೆದರ್ಲೆಂಡ್ಸ್‌ನ ಟುಲಿಪ್ ಹೊಲ ನೋಡುವವರು ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದೊಳಗೆ ಹೋಗಬೇಕು. ಜಪಾನಿಗೆ ಏಪ್ರಿಲ್–ಮೇ ಅಥವಾ ಅಕ್ಟೋಬರ್–ನವೆಂಬರ್ ಹಿತ. ನ್ಯೂಜಿಲೆಂಡಿನ ಬೇಸಿಗೆ ನಮ್ಮ ಚಳಿಗಾಲದಲ್ಲಿ ಬರುವುದರಿಂದ ಡಿಸೆಂಬರ್ ರಜೆಯಲ್ಲಿ ಹೊರಡುವವರಿಗೆ ಅನುಕೂಲ.

ಯಾರು ನಡೆಸುವ ಪ್ರವಾಸ?

ಪ್ರವಾಸದ ವ್ಯವಸ್ಥೆಯಲ್ಲಿ ನಾಲ್ಕು ಬಗೆಗಳಿವೆ. ಮೊದಲನೆಯದು ಮಾರ್ಗದರ್ಶಿಯ ಜೊತೆ ಗುಂಪಾಗಿ ಹೋಗುವುದು. ಹಿಂದೆ ವ್ಯಾನು ಬರುತ್ತದೆ, ಸೈಕಲ್ ಕೆಟ್ಟರೆ ನೋಡಿಕೊಳ್ಳುವವರಿರುತ್ತಾರೆ. ಖರ್ಚು ಹೆಚ್ಚು, ಗುಂಪಿನ ವೇಗಕ್ಕೆ ಹೊಂದಿಕೊಳ್ಳಬೇಕು. ಎರಡನೆಯದರಲ್ಲಿ ಸಂಸ್ಥೆ ವಸತಿ, ಬಾಡಿಗೆ ಸೈಕಲ್, ನಕ್ಷೆ ಕೊಟ್ಟು, ದಿನವೂ ಪೆಟ್ಟಿಗೆಯನ್ನು ಮುಂದಿನ ಹೋಟೆಲಿಗೆ ಸಾಗಿಸುತ್ತದೆ. ಸವಾರರು ತಮ್ಮ ಪಾಡಿಗೆ ಸಾಗುತ್ತಾರೆ. ಸ್ವಾತಂತ್ರ್ಯವೂ ನಿಶ್ಚಿಂತೆಯೂ ಒಟ್ಟಿಗೆ ಸಿಗುವ ಈ ಬಗೆ ಮೊದಲ ಪ್ರವಾಸಕ್ಕೆ ಹೆಚ್ಚು ಹೊಂದುತ್ತದೆ. ಮೂರನೆಯದು ಎಲ್ಲವನ್ನೂ ತಾವೇ ಗೊತ್ತುಮಾಡಿಕೊಂಡು, ಸಾಮಾನನ್ನು ಕ್ಯಾರಿಯರಿನ ಚೀಲಗಳಲ್ಲಿ ತಾವೇ ಹೊತ್ತು ಸಾಗುವುದು. ಇದು ಎಲ್ಲಕ್ಕಿಂತ ಅಗ್ಗ; ಆದರೆ ಹತ್ತು ಹನ್ನೆರಡು ಕಿಲೊ ಹೊರೆಯೊಡನೆ ತುಳಿದು ರೂಢಿಯಿರಬೇಕು, ಪಂಕ್ಚರ್ ಹಾಕಲು, ಕಳಚಿದ ಚೈನು ಕೂರಿಸಲು ಬರಬೇಕು. ನಾಲ್ಕನೆಯದು ಹಡಗು-ಸೈಕಲ್ ಪ್ರವಾಸ: ಹಗಲು ದಂಡೆಯ ಮೇಲೆ ಸವಾರಿ, ರಾತ್ರಿ ನದಿಯ ಹಡಗಿನಲ್ಲಿ ವಾಸ. ದಿನವೂ ಪೆಟ್ಟಿಗೆ ಕಟ್ಟುವ ಕೆಲಸವಿಲ್ಲ. ಒಂದು ದಿನ ತುಳಿಯದೆ ಹಡಗಿನಲ್ಲೇ ಕೂತರೂ ನಡೆಯುತ್ತದೆ. ಮನೆಮಂದಿಯಲ್ಲಿ ಕೆಲವರಿಗೆ ಮಾತ್ರ ಸೈಕಲ್ ಹುಚ್ಚಿದ್ದರೆ ಇದೇ ಸರಿ.

ಯಾವ ಸಂಸ್ಥೆಯ ಜೊತೆ ಹೊರಟರೂ ಹಣ ಕಟ್ಟುವ ಮುನ್ನ ಕೆಲವು ಪ್ರಶ್ನೆ ಕೇಳಬೇಕು. ಪ್ರತಿ ದಿನದ ದೂರ ಮತ್ತು ಏರು ಎಷ್ಟು? ಅದರಲ್ಲಿ ವಾಹನಗಳ ಜೊತೆ ಸಾಗಬೇಕಾದ ಭಾಗ ಎಷ್ಟು? ಬಾಡಿಗೆ ಸೈಕಲ್ ದರದಲ್ಲಿ ಸೇರಿದೆಯೇ? ಅದು ದಾರಿಯಲ್ಲಿ ಕೆಟ್ಟರೆ ಯಾರು ಬರುತ್ತಾರೆ, ಕಳುವಾದರೆ ಯಾರು ಹೊಣೆ? ಹೋಟೆಲು ಊರಿನೊಳಗಿದೆಯೇ, ದೂರದ ದಿಬ್ಬದ ಮೇಲಿದೆಯೇ? ಒಬ್ಬರೇ ಹೋದರೆ ಕೋಣೆಗೆ ಹೆಚ್ಚುವರಿ ದರ ಎಷ್ಟು? ಪ್ರವಾಸ ಮುಗಿದ ಊರಿನಿಂದ ಮೊದಲ ಊರಿಗೆ ಮರಳುವ ಪ್ರಯಾಣ ಸೇರಿದೆಯೇ?

ಸೈಕಲ್, ರಸ್ತೆ, ನಿಯಮ

ಸ್ವಂತ ಸೈಕಲ್ಲನ್ನು ವಿಮಾನದಲ್ಲಿ ಒಯ್ಯುವ ತಾಪತ್ರಯಕ್ಕಿಂತ ಒಂದು ವಾರದ ಪ್ರವಾಸಕ್ಕೆ ಬಾಡಿಗೆ ಸೈಕಲ್ಲೇ ಮೇಲು. ಬೇಕಾದರೆ ರೂಢಿಯಾದ ಸೀಟನ್ನು ಮಾತ್ರ ಒಯ್ದು ಅಲ್ಲಿ ಹಾಕಿಸಿಕೊಳ್ಳುವವರಿದ್ದಾರೆ. ಸವಾರರ ಎತ್ತರವನ್ನು ಮೊದಲೇ ತಿಳಿಸಿ, ಅದಕ್ಕೆ ತಕ್ಕ ಫ್ರೇಮ್ ಕೇಳಬೇಕು. ಕೈಗೆ ಬಂದಕೂಡಲೇ ಹೊರಡದೆ ಖಾಲಿ ಬೀದಿಯಲ್ಲಿ ಅರ್ಧ ಗಂಟೆ ಓಡಿಸಿ ನೋಡುವುದು ಅಗತ್ಯ. ಇದಕ್ಕೆ ಮುಖ್ಯ ಕಾರಣ ಬ್ರೇಕು. ಭಾರತದಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಚಕ್ರದ ಬ್ರೇಕು. ಯುರೋಪಿನ ಮುಖ್ಯ ಭೂಭಾಗದಲ್ಲಿ ಸಾಮಾನ್ಯವಾಗಿ ಎಡಗೈಯದು. ರೂಢಿಯಂತೆ ಎಡಗೈ ಬಿಗಿಹಿಡಿದರೆ ಮುಂದಿನ ಚಕ್ರ ತಟ್ಟನೆ ನಿಂತು ಮುಗ್ಗರಿಸಬಹುದು. ಕೆಲವು ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಬ್ರೇಕು ಹಿಡಿಯುತ್ತದೆ. ನಿಂತಾಗ ಪೆಡಲನ್ನು ಹಿಂದಕ್ಕೆ ತಿರುಗಿಸುವ ಅಭ್ಯಾಸವಿದ್ದವರಿಗೆ ಇದು ಹೊಸದು.

ಯುರೋಪಿನ ಮುಖ್ಯ ಭೂಭಾಗದಲ್ಲಿ ಸಂಚಾರ ಬಲಬದಿಗೆ. ನೇರ ದಾರಿಯಲ್ಲಿ ಇದು ಬೇಗ ರೂಢಿಯಾಗುತ್ತದೆ. ಎಡವಟ್ಟಾಗುವುದು ತಿಂಡಿಗೆ ನಿಂತು ಮತ್ತೆ ಹೊರಡುವಾಗ ಮತ್ತು ತಿರುವುಗಳಲ್ಲಿ. ಸೈಕಲ್ ಹಾದಿಯಲ್ಲಿ ಅಡ್ಡಡ್ಡ ಸಾಲಾಗಿ ಸಾಗುವುದು, ಫೋಟೊಗಾಗಿ ಹಾದಿಯ ನಡುವೆ ನಿಲ್ಲುವುದು ಸಲ್ಲದು. ಆಸ್ಟ್ರಿಯದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರಿಗೆ ಕಡ್ಡಾಯವಿಲ್ಲದಿದ್ದರೂ ಹಾಕಿಕೊಳ್ಳುವುದೇ ವಿವೇಕ. ಜಪಾನಿನಲ್ಲಿ 2023ರ ಏಪ್ರಿಲ್‌ನಿಂದ ಎಲ್ಲ ವಯಸ್ಸಿನವರೂ ಹೆಲ್ಮೆಟ್ ಧರಿಸಲು ಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ಕುಡಿದು ಸೈಕಲ್ ಓಡಿಸುವುದು ಯುರೋಪಿನ ಈ ದೇಶಗಳಲ್ಲೂ ಜಪಾನಿನಲ್ಲೂ ಅಪರಾಧ. ದ್ರಾಕ್ಷಾರಸದ ಕಣಿವೆಗಳಲ್ಲಿ ಇದನ್ನು ಮರೆಯುವಂತಿಲ್ಲ.

ಊಟ, ವೀಸಾ, ವಿಮೆ

ಸೈಕಲ್ ತುಳಿಯುವವರ ಹಸಿವು ದೊಡ್ಡದು, ಸಣ್ಣ ಊರಿನ ಅಡುಗೆಮನೆಗಳು ಬೇಗ ಮುಚ್ಚುತ್ತವೆ. ಆಸ್ಟ್ರಿಯ, ಜರ್ಮನಿಗಳಲ್ಲಿ ಭಾನುವಾರ ಬಹುತೇಕ ದಿನಸಿ ಅಂಗಡಿಗಳು ತೆರೆಯುವುದಿಲ್ಲ. ಊಟದ ಹೋಟೆಲುಗಳಿಗೂ ವಾರಕ್ಕೊಂದು ದಿನ ರಜೆ. ಹಾಗಾಗಿ ಶನಿವಾರವೇ ಬ್ರೆಡ್ಡು, ಗಿಣ್ಣು, ಹಣ್ಣು, ಮೊಸರು ಕೊಂಡಿಟ್ಟುಕೊಳ್ಳಬೇಕು. ಸಸ್ಯಾಹಾರಿಗಳಿಗೆ ಆಸ್ಟ್ರಿಯದಲ್ಲಿ ಗಿಣ್ಣು ಹಾಕಿದ ಹಿಟ್ಟಿನ ತುಣುಕುಗಳ ಅಡುಗೆ, ಅಣಬೆ ಸಾರು, ಏಪ್ರಿಕಾಟ್ ತುಂಬಿದ ಸಿಹಿ ಕಡುಬು ಸಿಗುತ್ತವೆ. ಸೂಪಿನ ತಳಸಾರು ಮಾಂಸದ್ದೇ ಎಂದು ಕೇಳಿ ತಿಳಿಯಬೇಕು. ಜಪಾನಿನಲ್ಲಿ ಮೀನಿನ ಸಾರು ಬಹುತೇಕ ಎಲ್ಲ ಅಡುಗೆಯಲ್ಲೂ ಬೆರೆತಿರುವುದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳು ವಸತಿಗೃಹಕ್ಕೆ ಮುಂಚಿತವಾಗಿ ಬರೆದು ತಿಳಿಸುವುದು ಒಳಿತು. ಚಟ್ನಿಪುಡಿಯ ಒಂದು ಪುಟ್ಟ ಡಬ್ಬಿಗೆ ಚೀಲದಲ್ಲಿ ಜಾಗ ಮಾಡಿಕೊಂಡವರು ಪಶ್ಚಾತ್ತಾಪ ಪಡುವುದಿಲ್ಲ.

ಯುರೋಪಿನ ಈ ದೇಶಗಳಿಗೆಲ್ಲ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರವಾಸದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕಡೇಪಕ್ಷ 15 ದಿನ ಮುಂಚೆ ಹಾಕಿರಬೇಕು, ಬೇಸಿಗೆಯ ನೂಕುನುಗ್ಗಲಿನಲ್ಲಿ ಅದಕ್ಕಿಂತ ಬಹಳ ಮೊದಲೇ ಹಾಕುವುದು ಕ್ಷೇಮ. ಹೆಚ್ಚು ದಿನ ತಂಗುವ ದೇಶದ ಮೂಲಕ ಅರ್ಜಿ ಹೋಗಬೇಕು. ಪಾಸಾವು ಜರ್ಮನಿಯಲ್ಲಿದ್ದರೂ ಉಳಿದ ರಾತ್ರಿಗಳು ಆಸ್ಟ್ರಿಯದಲ್ಲಿ ಕಳೆಯುವುದರಿಂದ ಡ್ಯಾನ್ಯೂಬ್ ಸವಾರರ ಅರ್ಜಿ ಆಸ್ಟ್ರಿಯಕ್ಕೆ. ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕು. ಆ ವಿಮೆ ಸೈಕಲ್ ಸವಾರಿಯಲ್ಲಿ ಆದ ಪೆಟ್ಟಿಗೂ ಅನ್ವಯಿಸುತ್ತದೆಯೇ ಎಂದು ಸಣ್ಣ ಅಕ್ಷರಗಳಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು.

ಸಾಮಾನು ಎಷ್ಟು ಕಡಿಮೆಯಿದ್ದರೆ ಅಷ್ಟು ಹಿತ. ಮೆತ್ತೆಯಿರುವ ಎರಡು ಸೈಕಲ್ ಚಡ್ಡಿ, ಬೇಗ ಒಣಗುವ ಅಂಗಿ, ಹಗುರ ಮಳೆಕೋಟು, ಕೈಗವಸು, ತಂಪು ಕನ್ನಡಕ, ನೀರಿನ ಬಾಟಲಿ, ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕ್ಷೆಯಿರುವ ಮೊಬೈಲು, ಪವರ್ ಬ್ಯಾಂಕ್, ಸ್ವಂತ ಹೊರೆ ಹೊರುವವರಿಗೆ ಹೆಚ್ಚುವರಿ ಟ್ಯೂಬು ಮತ್ತು ಪಂಪು.

ತೀರ್ಮಾನದ ಕ್ರಮ

ಇಷ್ಟೆಲ್ಲವನ್ನೂ ಒಂದು ಕ್ರಮಕ್ಕೆ ತರುವುದಾದರೆ ಹೀಗೆ: ಮೊದಲು ಜೊತೆಗಾರರು ಯಾರು, ಅವರಲ್ಲಿ ನಿಧಾನದವರು ಎಷ್ಟು ತುಳಿಯಬಲ್ಲರು ಎಂದು ಗೊತ್ತುಮಾಡಿಕೊಳ್ಳುವುದು. ಅದಕ್ಕೆ ತಕ್ಕಂತೆ ನದಿ, ರೈಲು ದಾರಿ, ಒಡ್ಡು, ಗುಡ್ಡ ಇವುಗಳಲ್ಲಿ ಯಾವ ಬಗೆಯ ದಾರಿ ಎಂದು ನಿರ್ಧರಿಸುವುದು. ರಜೆ ಸಿಗುವ ತಿಂಗಳಿಗೆ ಯಾವ ನಾಡು ಹೊಂದುತ್ತದೆ ಎಂದು ನೋಡುವುದು. ಆಮೇಲೆ ಅರಮನೆಯೋ ತೋಟವೋ ಕಡಲೋ ಎಂಬ ಅಭಿರುಚಿಯಂತೆ ದಾರಿಯನ್ನು ಆರಿಸುವುದು; ಕೊನೆಗೆ ಸಂಸ್ಥೆ, ಸೈಕಲ್, ಟಿಕೆಟ್ಟು. ಆರಿಸಿದ ದಾರಿಯಲ್ಲಿ ದಿನದ ದೂರವನ್ನು ಶಕ್ತಿಯ ಮುಕ್ಕಾಲು ಪಾಲಿಗೆ ಇಟ್ಟುಕೊಂಡು, ವಾರಕ್ಕೊಂದು ದಿನವನ್ನು ಖಾಲಿ ಬಿಡುವುದು ಒಳ್ಳೆಯದು. ಮಳೆ ಬಂದರೆ ಆ ದಿನ ನೆರವಿಗೆ ಬರುತ್ತದೆ. ಬಾರದಿದ್ದರೆ ಮನಸ್ಸಿಗೆ ಹಿಡಿಸಿದ ಊರಿನಲ್ಲಿ ಇನ್ನೊಂದು ರಾತ್ರಿ ಉಳಿಯಲು ಆಗುತ್ತದೆ.